ಹದಿನೆಂಟು ವರ್ಷದ ಮ್ಯಾಂಟಲ್

ನಮ್ಮೂರಿನಲ್ಲಿ ಹೆಣ್ಣು ನೋಡಲು ಯಾರೂ ಬರುವುದಿಲ್ಲ, ದೀಪ ನೋಡಲು ಬರುತ್ತಾರೆ. ಹುಡುಗಿಯ ಮೂಗು ಮೊಂಡಾಗಿದ್ದರೂ ನಡೆಯುತ್ತದೆ, ಅಡುಗೆ ಬಾರದಿದ್ದರೂ ನಡೆಯುತ್ತದೆ. ನಡುಮನೆಯ ಕೊಂಡಿಗೆ ತೂಗುಹಾಕಿರುವ ಗ್ಯಾಸ್‌ಲೈಟಿನ ಮ್ಯಾಂಟಲ್ ಎಷ್ಟು ವರ್ಷದ್ದು ಎಂಬುದೊಂದೇ ವಿಚಾರಣೆ. ಉರಿಯುವ ದೀಪದ ಮುಂದೆ ಯಾರಾದರೂ ಒಂದು ಬಿರುಸು ಮಾತಾಡಿದರೆ ಮ್ಯಾಂಟಲ್ ಉದುರಿಹೋಗುತ್ತದೆ. ನಿಂಬೆಹಣ್ಣಿನ ಗಾತ್ರದ ಆ ಬಿಳಿಯ ಬಲೆ ಮೊದಲ ದಿನವೇ ಸುಟ್ಟು ಬೂದಿಯಾಗಿರುತ್ತದೆ. ಆ ಬೂದಿಯೇ ಬೆಳಕು ಕೊಡುವುದು. ಮಾತು ತಾಗಿದರೆ ಅದು ಅಷ್ಟೂ ಗಾಜಿನೊಳಗೆ ಸುರಿದುಬೀಳುತ್ತದೆ. ಆದ್ದರಿಂದ ಹಳೆಯ ಮ್ಯಾಂಟಲ್ ಇರುವ ಮನೆಯೇ ಒಳ್ಳೆಯ ಮನೆ. ನಮ್ಮದು ಹದಿನೆಂಟು ವರ್ಷದ್ದು. ಆ ಲೆಕ್ಕದಲ್ಲಿ ನಾವು ಊರಿಗೇ ಎರಡನೆಯ ಒಳ್ಳೆಯ ಮನೆಯವರು.

ಕರೆಂಟಿನ ಕಂಬಗಳು ನಾನು ಹುಟ್ಟುವ ಮೊದಲೇ ಬಂದು ನಿಂತಿವೆ. ಕಂಬದಿಂದ ಕಂಬಕ್ಕೆ ಹೆಂಗಸರು ಸೀರೆ ಒಣಹಾಕುತ್ತಾರೆ. ಕರೆಂಟು ಬಂದಿಲ್ಲ, ಯಾಕೆ ಬಂದಿಲ್ಲವೆಂದು ಯಾರೂ ಕೇಳಿಯೂ ಇಲ್ಲ. ಕೇಳುವ ಧಾಟಿಯಲ್ಲಿ ಎಲ್ಲಿ ಬಿರುಸು ನುಸುಳೀತೋ ಎಂಬ ಅಂಜಿಕೆ ಇರಬಹುದು. ಹೊತ್ತು ಮುಳುಗುವ ಮುಂಚೆ ಪ್ರತಿ ಮನೆಯಿಂದಲೂ ಪಂಪು ಹೊಡೆಯುವ ಸದ್ದು ಕೇಳಿಸುತ್ತದೆ, ಸ್ಪಿರಿಟ್ಟಿನ ನೀಲಿ ಉರಿ ಏಳುತ್ತದೆ, ಆಮೇಲೆ ಬುಸ್ಸೆಂದು ಬೆಳಕು. ಅದರೊಂದಿಗೆ ಊರಿನ ಬಾಯಿ ಮುಚ್ಚುತ್ತದೆ.

ಹಾಗೆಂದು ಜಗಳಗಳು ಇಲ್ಲವೆಂದಲ್ಲ. ಅವು ಹಗಲಿಗೆ ಸರಿದಿವೆ. ಆರಿದ ದೀಪಕ್ಕೆ ಕಿವಿ ಇಲ್ಲ. ಅತ್ತೆ ಸೊಸೆಯರು ಮಧ್ಯಾಹ್ನದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಎದುರುಬದುರು ಕೂತು ಬೈದಾಡುತ್ತಾರೆ. ಐದೂವರೆ ಆಗುತ್ತಲೇ "ಉಳಿದದ್ದು ನಾಳೆ ಇಟ್ಕೊಳಣ, ಇಲ್ಲೀಗಂಟ ಆಯ್ತು ಅಂತ ಜ್ಞಾಪಕ ಇಟ್ಕೊ" ಎಂದು ಎದ್ದು ದೀಪ ಒರೆಸುತ್ತಾರೆ. ನಾಳೆಯವರೆಗೆ ತಡೆಯಲಾರದ ಸಿಟ್ಟಿದ್ದವರು ಊರ ಹೊರಗಿನ ಬಯಲಿಗೆ ಹೋಗುತ್ತಾರೆ, ಅಲ್ಲಿ ದೀಪವಿಲ್ಲ. ಸಂಜೆ ಗಂಡಹೆಂಡಿರು ಕೈಕೈ ಹಿಡಿದು ಬಯಲಿನ ಕಡೆ ನಡೆದರೆ ಪರಊರಿನವರು ಎಂಥ ಅನ್ಯೋನ್ಯ ಎನ್ನುತ್ತಾರೆ. ನಾವು ಕಿಟಕಿ ಹಾಕಿಕೊಳ್ಳುತ್ತೇವೆ.

ಮ್ಯಾಂಟಲ್ ಮಾರುವವರು ಗೌಸಣ್ಣ ಒಬ್ಬರೇ. ಕೊಳ್ಳಲು ಹೋಗುವುದೆಂದರೆ ಮನೆಯ ಮಾನ ಬೀದಿಯಲ್ಲಿ ಹೊತ್ತು ಹೋದಂತೆ. ಗೌಸಣ್ಣ ದೊಡ್ಡ ಮನುಷ್ಯ. ಗಿರಾಕಿ ಬಾಯಿ ತೆರೆಯುವ ಮುಂಚೆಯೇ "ಚಿಟ್ಟೆನಾ?" ಎಂದು ಕೇಳುತ್ತಾರೆ. "ಹೂಂ ಗೌಸಣ್ಣ, ದರಿದ್ರದ ಚಿಟ್ಟೆ, ಬಂದು ಬಡೀತು" ಎನ್ನುತ್ತಾರೆ ಇವರು. "ಈ ವರ್ಷ ಚಿಟ್ಟೆ ಜಾಸ್ತಿ" ಎನ್ನುತ್ತ ಅವರು ಕಾಗದದಲ್ಲಿ ಸುತ್ತಿಕೊಡುತ್ತಾರೆ. ನಮ್ಮೂರಿನಲ್ಲಿ ನಾನು ಚಿಟ್ಟೆಗಳನ್ನು ಅಷ್ಟಾಗಿ ಕಂಡಿಲ್ಲ.

ನಮ್ಮ ಮನೆಯಲ್ಲಿ ಚಿಟ್ಟೆಯ ಕಾಟವಿರಲಿಲ್ಲ. ಅಪ್ಪ ಅವ್ವ ಹದಿನೆಂಟು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ಅಪ್ಪ ವೀರಭದ್ರಪ್ಪ ಟೈಲರ್. ಮನೆಯ ಮುಂಗೋಣೆಯೇ ಅಂಗಡಿ. "ಮಂಗಳಾ, ನಿಮ್ಮಪ್ಪನ್ನ ಊಟಕ್ಕೆ ಕರಿ" ಎಂದು ಅವ್ವ ಅಡುಗೆಮನೆಯಿಂದ ಹೇಳುತ್ತಿದ್ದಳು. ಅಪ್ಪ ಅದನ್ನು ಕೇಳಿಸಿಕೊಂಡೇ ಕೂತಿರುತ್ತಿದ್ದರು. ನಾನು ಎಂಟು ಹೆಜ್ಜೆ ನಡೆದು ಹೋಗಿ "ಅಪ್ಪಾ, ಊಟಕ್ಕೆ" ಎಂದ ಮೇಲೆಯೇ ಏಳುತ್ತಿದ್ದರು. "ನಿಮ್ಮವ್ವಂಗೆ ಹೇಳು, ಸಾರು ಚೆನ್ನಾಗಿದೆ ಅಂತ." ಅವ್ವ ಪಕ್ಕದಲ್ಲೇ ನಿಂತು ಬಡಿಸುತ್ತಿರುತ್ತಿದ್ದಳು. ನಾನು ಆ ಕಡೆ ತಿರುಗಿ ಹೇಳುತ್ತಿದ್ದೆ. ಮಕ್ಕಳು ಮಾತು ಕಲಿಯುವ ವಯಸ್ಸಿನಲ್ಲಿ ನಾನು ಮಾತು ಹೊರುವುದನ್ನು ಕಲಿತೆ. ನನ್ನದೇ ಆದ ಮಾತು ಯಾವುದೆಂದು ಬಹಳ ಕಾಲ ತಿಳಿಯಲಿಲ್ಲ.

ಯಾಕೆ ಮಾತು ನಿಂತಿತೆಂದು ನಾನು ಕೇಳಿದ್ದುಂಟು. "ನಿಮ್ಮಪ್ಪನ್ನ ಕೇಳು" ಎನ್ನುವಳು ಅವ್ವ. "ನಿಮ್ಮವ್ವಂಗೇ ಗೊತ್ತು" ಎನ್ನುವರು ಅಪ್ಪ. ನನಗೆ ನೆನಪಿರುವುದು ಇಷ್ಟೇ: ನನಗೆ ನಾಲ್ಕು ವರ್ಷ. ಅಪ್ಪ ಸಂಜೆ ಎಲ್ಲಿಗೋ ಹೊರಟಿದ್ದಾರೆ. ಅವ್ವ ಆಗತಾನೇ ದೀಪ ಹಚ್ಚಿ ತಿರುಗಿ ನೋಡಿದವಳು "ಅಯ್ಯೋ, ಏನ್ರೀ ಇದು, ನೀವು..." ಎಂದು ಬಾಯಿ ತೆರೆದಳು. ಅಪ್ಪ ಕೈ ಎತ್ತಿ "ದೀಪ ಉರೀತಿದೆ" ಎಂದರು. ಅವ್ವ ಬಾಯಿ ಮುಚ್ಚಿದಳು. ಆ ಮ್ಯಾಂಟಲ್ ಕಟ್ಟಿ ಆಗ ವಾರವಾಗಿತ್ತು. ಈಗಲೂ ಅದೇ ತೂಗುತ್ತಿತ್ತು.

ಪದವಿ ಓದಲು ನಾನು ಮೂರು ವರ್ಷ ಬೇರೆ ಊರಿನ ಹಾಸ್ಟೆಲಿನಲ್ಲಿದ್ದೆ. ಆ ಮೂರು ವರ್ಷ ಅಪ್ಪ ಅವ್ವ ಗೋಡೆಗೆ ಹೇಳಿಕೊಂಡು ದಿನ ದೂಡಿದರಂತೆ. ಅಲ್ಲಿ ಟ್ಯೂಬ್‌ಲೈಟುಗಳು. ಮೊದಲ ವಾರವೇ ನನ್ನ ಕೋಣೆಯ ಇಬ್ಬರು ಒಂದು ಬಕೆಟ್ಟಿನ ವಿಚಾರಕ್ಕೆ ಕಿತ್ತಾಡಿದರು. ನಾನು ಮಂಚದ ಮೂಲೆಗೆ ಸರಿದು, ತಲೆಯ ಮೇಲೆ ದಿಂಬು ಹಿಡಿದು, ಟ್ಯೂಬ್‌ಲೈಟನ್ನೇ ನೋಡುತ್ತ ಕೂತೆ. ಏನೂ ಬೀಳಲಿಲ್ಲ. ಅರ್ಧ ಗಂಟೆಯಾದ ಮೇಲೆ ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ನಾನು ತತ್ವಶಾಸ್ತ್ರದಲ್ಲಿ ಪದವಿ ಪಡೆದೆ, ಆದರೆ ಆ ಮಂಡಕ್ಕಿಯ ತಟ್ಟೆಗಿಂತ ಹೆಚ್ಚಿನದೇನನ್ನೂ ಅಲ್ಲಿ ಕಲಿಯಲಿಲ್ಲ. ಊರಿಗೆ ಮರಳಿದಾಗ ನನಗೆ ಒಂದು ಸಂಗತಿ ಮಾತ್ರ ಖಚಿತವಾಗಿತ್ತು: ಮ್ಯಾಂಟಲ್ಲಿಗೆ ಮಾತು ತಾಗುತ್ತದೆ, ಮೌನ ತಾಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಮೌನಕ್ಕೆ ಇಷ್ಟು ಮರ್ಯಾದೆ.

ಸಂಬಂಧ ತಂದವಳು ದೀಪದ ತಾಯಮ್ಮ. ಒಂದು ಕಣ್ಣು ಮುಚ್ಚಿ ಬೆಳಕಿನ ಬಣ್ಣ ನೋಡಿಯೇ ಮ್ಯಾಂಟಲ್ಲಿನ ವಯಸ್ಸು ಹೇಳುವವಳು. ಒಂದು ಬೆಳಿಗ್ಗೆ ಜಗಲಿಯ ಮೇಲೆ ಕಾಲು ಚಾಚಿ ಕೂತು, "ನಿಮಗೆ ಸರಿಸಮ ಅಂದ್ರೆ ಊರಲ್ಲಿ ಒಂದೇ ಮನೆ ಕಣಪ್ಪ ವೀರಭದ್ರ. ಮರಿಸ್ವಾಮಪ್ಪಂದು. ಇಪ್ಪತ್ತೊಂದು ವರ್ಷದ್ದು. ಅವನ ಮಗ ನಂದೀಶಂಗೆ ನಿನ್ನ ಮಗಳು" ಎಂದಳು. ಮರಿಸ್ವಾಮಪ್ಪ ಎಂದರೆ ಟೈಲರುಗಳ ಸಂಘದ ಅಧ್ಯಕ್ಷರು, ಹದಿನೆಂಟು ವರ್ಷದಿಂದಲೂ ಅವರೇ. ಅಪ್ಪನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದನ್ನೇ ತೆಗೆದು ಬಟ್ಟೆಗೆ ಚುಚ್ಚಿ, ಕೊನೆಗೆ "ಒಳ್ಳೇ ಮನೆ" ಎಂದರು.

ಮೊದಲು ನಾವು ಅವರ ಮನೆಗೆ ಊಟಕ್ಕೆ ಹೋದೆವು. ಹೊರಡುವಾಗ ಅಪ್ಪ ಎಂದಿನಂತೆ ಕನ್ನಡಿಯ ಮುಂದೆ ಮೂರು ಸಲ ತಿರುಗಿ, ಅಂಗಿಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿಕೊಂಡರು. ಅದು ಅವರಿಗೊಂದು ಚಟ, ಟೈಲರ್ ಅಲ್ಲವೇ ಎಂದು ನಾನು ಅಂದುಕೊಂಡಿದ್ದೆ. ಮರಿಸ್ವಾಮಪ್ಪನವರ ಮನೆಯಲ್ಲಿ ಹಗಲು ಹೊತ್ತಿನಲ್ಲೂ ಯಾರೂ ಮಾತಾಡುತ್ತಿರಲಿಲ್ಲ. ಅಭ್ಯಾಸ ತಪ್ಪಬಾರದಂತೆ. ತಟ್ಟೆಯ ಅಂಚಿಗೆ ಬೆರಳಿನಿಂದ ಒಮ್ಮೆ ತಟ್ಟಿದರೆ ನೀರು, ಎರಡು ಸಲ ತಟ್ಟಿದರೆ ಅನ್ನ. ಮೂರು ತಟ್ಟಿದರೆ ಏನೆಂದು ನಾನು ಕೇಳಿದೆ. ನಂದೀಶ ತಲೆಯೆತ್ತಿ ಒಂದು ಕ್ಷಣ ಯೋಚಿಸಿ "ಮೂರು ಇಲ್ಲ" ಎಂದ. ಆಮೇಲೆ "ಪರವಾಗಿಲ್ಲ" ಎಂದು ಸೇರಿಸಿದ. ಕೆಟ್ಟವನಲ್ಲ. ಆದರೆ ಆ ಮನೆಯಲ್ಲಿ ನನ್ನ ಇಡೀ ಆಯುಸ್ಸು ಒಂದು ತಟ್ಟು, ಎರಡು ತಟ್ಟುಗಳಲ್ಲಿ ಕಳೆದುಹೋಗುವುದು ನನ್ನ ಕಣ್ಣಿಗೆ ಕಟ್ಟಿತು.

ಮಾರನೆಯ ಬೆಳಿಗ್ಗೆ ಅವ್ವನಿಗೆ ಹೇಳಿದೆ, "ನನಗಿದು ಬೇಡ ಅವ್ವ." ಅವ್ವ ಅಕ್ಕಿ ಆರಿಸುತ್ತಿದ್ದಳು. "ನನ್ಹತ್ರ ಹೇಳಿ ಏನು ಬಂತು? ನಿಮ್ಮಪ್ಪಂಗೆ ಹೇಳು. ಹಗಲಲ್ಲೇ ಹೇಳಿಬಿಡು." ನಾನು ಎಂಟು ಹೆಜ್ಜೆ ನಡೆದು ಮುಂಗೋಣೆಗೆ ಹೋದೆ. ಮೊದಲ ಸಲ ಬೇರೆಯವರದಲ್ಲದ ಮಾತೊಂದನ್ನು ಹೊತ್ತಿದ್ದೆ.

"ಅಪ್ಪಾ, ಈ ಸಂಬಂಧ ನನಗೆ ಬೇಡ."

ಅಪ್ಪ ಮಿಷಿನ್ ನಿಲ್ಲಿಸಲಿಲ್ಲ. "ಶುಕ್ರವಾರ ಸಂಜೆ ದೀಪದ ಮುಂದೆ ಕೇಳ್ತಾರಲ್ಲಮ್ಮ, ಆಗ ಹೇಳು. ಹಗಲಲ್ಲಿ ಆಡಿದ್ದು ಯಾವ ಲೆಕ್ಕಕ್ಕೆ?"

ಅದು ನಿಜ. ನಮ್ಮೂರಿನಲ್ಲಿ ಒಪ್ಪಿಗೆ ಕೇಳುವುದು ಉರಿಯುವ ದೀಪದ ಮುಂದೆ. ಇದುವರೆಗೆ ಯಾವ ಹುಡುಗಿಯೂ ಒಲ್ಲೆ ಎಂದಿಲ್ಲ ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಎಲ್ಲ ಹುಡುಗಿಯರೂ ಮನಸಾರೆ ಒಪ್ಪಿಯೇ ಮದುವೆಯಾದವರು. ಹೆತ್ತವರ ಮನೆಯ ಮ್ಯಾಂಟಲ್ಲನ್ನು, ಅದೂ ಬೀಗರ ಕಣ್ಣೆದುರಿಗೆ, ಉದುರಿಸುವ ಎದೆಗಾರಿಕೆ ಯಾರಿಗಿದೆ? 'ಬೇಡ' ಎನ್ನುವುದು ಬಿರುಸು ಮಾತೋ ಅಲ್ಲವೋ ಎಂದು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಬಿರುಸು ಮಾತುಗಳ ಪಟ್ಟಿ ಎಲ್ಲಿಯೂ ಇಲ್ಲ. ಪಟ್ಟಿ ಇಲ್ಲದ್ದರಿಂದಲೇ ಅದು ವರ್ಷವರ್ಷ ಉದ್ದವಾಗುತ್ತಿತ್ತು. ನನ್ನ ಅಜ್ಜಿಯ ಕಾಲದಲ್ಲಿ ಬೈಗುಳ ಮಾತ್ರ ಅದರಲ್ಲಿತ್ತಂತೆ. ನನ್ನ ಕಾಲಕ್ಕೆ 'ಆದರೆ' ಎಂಬ ಪದವೂ ಸೇರಿತ್ತು.

ಶುಕ್ರವಾರ ಬಂತು. ಅವ್ವ ಗಾಜನ್ನು ಬೂದಿ ಹಾಕಿ ಒರೆಸಿದಳು, ಉಸಿರು ತಾಗದಂತೆ ಮುಖ ಪಕ್ಕಕ್ಕೆ ಮಾಡಿಕೊಂಡು. ಸೀಮೆಎಣ್ಣೆ ತುಂಬಿದಳು. ಪಂಪು ಹೊಡೆದದ್ದು ನಾನು. ದೀಪ ಬುಸ್ಸೆಂದು ಹತ್ತಿ ಹಳೆಯ ಬೆಣ್ಣೆಯ ಬಣ್ಣದ ಬೆಳಕು ನಡುಮನೆಯನ್ನು ತುಂಬಿತು. ಮರಿಸ್ವಾಮಪ್ಪ, ಅವರ ಹೆಂಡತಿ, ನಂದೀಶ ಚಾಪೆಯ ಮೇಲೆ ಕೂತರು. ಅಪ್ಪ ಎದುರಿಗೆ. ಅವ್ವ ಬಾಗಿಲ ಪಕ್ಕ ನಿಂತಳು. ತಾಯಮ್ಮ ಒಂದು ಕಣ್ಣು ಮುಚ್ಚಿ ಮೇಲೆ ನೋಡಿದಳು.

"ಹದಿನೆಂಟು," ಎಂದಳು. "ಒಂದು ದಿನ ಹೆಚ್ಚಿಲ್ಲ, ಕಮ್ಮಿ ಇಲ್ಲ. ಮುತ್ತು ಮುತ್ತಿನಂಗಿದೆ."

ಮರಿಸ್ವಾಮಪ್ಪ ಮೆಚ್ಚಿ ತಲೆದೂಗಿದರು. ಮಂಡಿಯ ಮೇಲೆ ಒಮ್ಮೆ ತಟ್ಟಿದರು. ನಾನು ನೀರು ಕೊಟ್ಟೆ.

ತಾಯಮ್ಮ ನನ್ನನ್ನು ದೀಪದ ಕೆಳಗೆ ಕೂರಿಸಿದಳು. "ಉರಿಯೋ ದೀಪದ ಮುಂದೆ ಕೇಳ್ತಿದ್ದೀನಿ ಕಣವ್ವ ಸರ್ವಮಂಗಳಾ. ಈ ಮನೆ, ಈ ಹುಡುಗ, ನಿಂಗೆ ಒಪ್ಪಿಗೇನಾ?"

ನಾನು ಮೇಲೆ ನೋಡಿದೆ. ನನಗಿಂತ ನಾಲ್ಕೇ ವರ್ಷ ಚಿಕ್ಕದು. ನನ್ನ ಬಾಲ್ಯವೆಲ್ಲ ಅದರ ಕೆಳಗೆ ಕಳೆದಿತ್ತು, ಒಬ್ಬ ತಂಗಿಯ ಹಾಗೆ ಅದನ್ನು ಎಲ್ಲರೂ ಕಾಪಾಡಿದ್ದರು. ನನಗೆ ಅದರ ಮೇಲೆ ಮರುಕ ಬಂತು.

"ಬೇಡ," ಎಂದೆ.

ಯಾರೂ ನನ್ನನ್ನು ನೋಡಲಿಲ್ಲ. ಎಲ್ಲರೂ ಕತ್ತು ಮೇಲೆತ್ತಿ ಮ್ಯಾಂಟಲ್ಲನ್ನೇ ನೋಡುತ್ತಿದ್ದರು. ಅದು ಉರಿಯುತ್ತಿತ್ತು. ಒಂದು ಎಳೆ ಅಲುಗಿರಲಿಲ್ಲ.

ತಾಯಮ್ಮ ಕೆಮ್ಮಿದಳು. "ಮೆತ್ತಗೆ ಅಂದ್ಳು. ದೀಪಕ್ಕೆ ಕೇಳ್ಸಿಲ್ಲ."

"ಬೇಡ ತಾಯಮ್ಮ," ಎಂದೆ, ಈ ಸಲ ಬೀದಿಗೂ ಕೇಳುವಂತೆ. "ನನಗೆ ಈ ಮದುವೆ ಬೇಡ."

ದೀಪ ಬುಸ್ಸೆನ್ನುತ್ತಲೇ ಇತ್ತು. ನನ್ನೊಳಗೆ ಎಲ್ಲೋ ಒಂದು ನಗೆ ಏಳುತ್ತಿತ್ತು. ಹಾಗಾದರೆ ಇದು ಬಿರುಸು ಮಾತಲ್ಲ. ಎಂದೂ ಆಗಿರಲಿಲ್ಲ. ಈ ಊರಿನ ಅಷ್ಟೂ ಹೆಂಗಸರು ಈ ಮಾತನ್ನು ಆರಾಮಾಗಿ ಆಡಬಹುದಿತ್ತು. ಬಾಗಿಲ ಬಳಿ ಅವ್ವನ ಕೈ ಬಾಯಿಗೆ ಹೋಗಿತ್ತು.

ಆಗ ಅಪ್ಪ ಮಾತಾಡಿದರು. ಅಷ್ಟು ನಯವಾದ ದನಿಯನ್ನು ನಾನು ಅವರಿಂದ ಕೇಳಿಯೇ ಇರಲಿಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ನಗುನಗುತ್ತ, ಬೀಗರ ಕಡೆ ಕೈ ಮುಗಿದು, "ನಾಚಿಕೆ ಪಾಪ, ಅವಳಿಗೆ. ಅವಳು ಬೇಡ ಅಂದ್ರೆ ಬೇಕು ಅಂತ್ಲೇ ಅರ್ಥ. ಅವಳ ಮಾತು ಏನು, ನೀವು ದಿನ ಗೊತ್ತುಮಾಡಿ" ಎಂದರು.

ಮ್ಯಾಂಟಲ್ ಉದುರಿತು.

ಸದ್ದೇನೂ ಆಗಲಿಲ್ಲ. ಗಾಜಿನೊಳಗೆ ಚಿಟಿಕೆ ಬೂದಿ ಬಿತ್ತು, ಬರ್ನರಿನಿಂದ ಕೆಂಪು ನಾಲಗೆಯಂಥ ಉರಿ ಎದ್ದಿತು. ನಾನು ಎದ್ದು ಗಾಳಿ ಬಿಡುವ ತಿರುಪನ್ನು ತಿರುಗಿಸಿದೆ. ಬುಸ್ಸೆನ್ನುವುದು ನಿಧಾನವಾಗಿ ಇಳಿದು ನಿಂತಿತು. ಆ ಸದ್ದು ಇಷ್ಟು ವರ್ಷ ನಮ್ಮ ಮನೆಯಲ್ಲಿ ಏನನ್ನು ಮುಚ್ಚಿಟ್ಟಿತ್ತೆಂದು ಅದು ನಿಂತಾಗಲೇ ತಿಳಿದದ್ದು. ಕತ್ತಲಲ್ಲಿ ಏಳು ಜನರ ಉಸಿರು ಬೇರೆಬೇರೆಯಾಗಿ ಕೇಳಿಸುತ್ತಿತ್ತು.

"ನೋಡಿದ್ರಾ!" ಎಂದಳು ತಾಯಮ್ಮ. "ಹುಡುಗಿ ಮಾತು ಈಗ ಮುಟ್ತು. ಹಳೇ ಮ್ಯಾಂಟಲ್ಲು, ಕಿವಿ ಮಂದ."

"ಪರವಾಗಿಲ್ಲ" ಎಂದ ನಂದೀಶ.

"ರೀ," ಎಂದಿತು ಒಂದು ದನಿ.

ಯಾರದೆಂದು ನನಗೆ ತಿಳಿಯಲಿಲ್ಲ. ಆ ಪದವನ್ನು ಆ ದನಿಯಲ್ಲಿ ನಾನು ಕೇಳಿಯೇ ಹದಿನೆಂಟು ವರ್ಷವಾಗಿತ್ತು.

"ರೀ, ಈಗಂತೂ ದೀಪ ಉರೀತಿಲ್ಲ, ಹೇಳಿಬಿಡ್ತೀನಿ," ಎಂದಳು ಅವ್ವ. "ಅವತ್ತು ನಾನು ಹೇಳಕ್ ಬಂದಿದ್ದು ಇಷ್ಟೇ. ಅಂಗಿ ಉಲ್ಟಾ ಹಾಕ್ಕೊಂಡಿದ್ದೀರಿ, ಬಿಚ್ಚಿ ಸರಿಮಾಡ್ಕೊಳಿ ಅಂತ. ಅಷ್ಟೇ."

ಅಪ್ಪ ಚಾಪೆಯ ಮೇಲೆ ಅಲುಗಿದ್ದು ಕೇಳಿಸಿತು.

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಹೇಳಕ್ ಬಂದಿದ್ನಾ? ನೀವು ಕೈ ಎತ್ತಿ ದೀಪ ಅಂದ್ರಿ. ನಾಯಿಗೆ ಹಚಾ ಅಂದಂಗೆ ಅಂದ್ರಿ."

"ನೀನು ಬೇಕಂತ್ಲೇ ಸುಮ್ನಿದ್ದು ಕಳಿಸ್ದೆ ಅನ್ಕೊಂಡಿದ್ದೆ ನಾನು." ಅಪ್ಪನ ದನಿಯಲ್ಲಿ ನಯವೆಲ್ಲ ಇಳಿದುಹೋಗಿತ್ತು. "ಹೊಸ ಅಂಗಿ. ಮಬ್ಬಲ್ಲಿ ಹಾಕ್ಕೊಂಡೆ. ಸಂಘದ ಚುನಾವಣೆ ಅವತ್ತು. ಅಧ್ಯಕ್ಷ ಆಗೋನು ನಾನು. ಎದ್ದು ನಿಂತು ಹೊಲಿಗೆ ಅಂದ್ರೆ ಹೀಗಿರಬೇಕು ಅಂತ ಭಾಷಣ ಮಾಡ್ದೆ ಕಣೇ. ಕಂಕುಳ ಹೊಲಿಗೆ, ಕಾಲರ್ ಪಟ್ಟಿ, ನೂಲು, ಎಲ್ಲಾ ಹೊರಗೆ. ನಲವತ್ತು ಜನ ಟೈಲರು ನೋಡ್ತಾ ಕೂತಿದ್ರು. ಒಬ್ಬನೂ ಬಾಯಿ ಬಿಡಲಿಲ್ಲ."

"ಉರಿಯೋ ದೀಪದ ಮುಂದೆ ಹೆಂಗಪ್ಪ ಹೇಳೋದು," ಎಂದರು ಮರಿಸ್ವಾಮಪ್ಪ ಕತ್ತಲಲ್ಲಿ, ಬಹಳ ಮೃದುವಾಗಿ. "ನಾನೂ ಇದ್ದೆ. ಬಿರುಸಾದೀತು ಅಂತ ಸುಮ್ಮನಾದೆ. ಓಟು ಮಾತ್ರ ನಂಗೆ ಬಿತ್ತು."

ಅವ್ವ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಿನಲ್ಲಿ, ಕೊನೆಗೆ ಕೂತುಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು. ಅದು ಯಾವಾಗ ಅಳುವಾಯಿತೆಂದು ಕತ್ತಲಲ್ಲಿ ಗೊತ್ತಾಗಲಿಲ್ಲ. ನಂದೀಶ ಕಡ್ಡಿ ಗೀರಿದ. ಆ ಬೆಳಕಿನಲ್ಲಿ ಅಪ್ಪ ತಮ್ಮ ಅಂಗಿಯ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸುತ್ತ ಕೂತಿದ್ದರು.

ಬೀಗರು ಆ ಕಡ್ಡಿಯ ಬೆಳಕಿನಲ್ಲೇ ಚಪ್ಪಲಿ ಹುಡುಕಿಕೊಂಡು ಹೋದರು. ಉದುರಿದ ಮನೆಯ ಹೆಣ್ಣು ತಮಗೆ ಆಗಿಬರುವುದಿಲ್ಲವೆಂದು ಬೆಳಗಾಗುವಷ್ಟರಲ್ಲಿ ತಾಯಮ್ಮನ ಮೂಲಕ ಹೇಳಿಕಳಿಸಿದರು. ಊರು ತನ್ನ ತೀರ್ಮಾನವನ್ನು ಅದಕ್ಕೂ ಮೊದಲೇ ಬರೆದಿಟ್ಟಿತ್ತು: ಟೈಲರ್ ವೀರಭದ್ರಪ್ಪನ ಓದಿದ ಮಗಳು ಬೇಡ ಎಂದಳು, ಹದಿನೆಂಟು ವರ್ಷದ್ದು ಬುಡಸಮೇತ ಹೋಯಿತು. ಅಪ್ಪನ ನಯವಾದ ಮಾತು ಯಾರ ಬಾಯಲ್ಲೂ ಇರಲಿಲ್ಲ. ತಿದ್ದಲು ನಾನೂ ಹೋಗಲಿಲ್ಲ. ಕಣ್ಣಾರೆ ಕಂಡವರೇ ಅದನ್ನು ಕಂಡಿರಲಿಲ್ಲ.

ಹತ್ತು ಗಂಟೆಗೆ ನಾನು ಚೀಲ ಹಿಡಿದು ಗೌಸಣ್ಣನ ಅಂಗಡಿಗೆ ಹೊರಟೆ. ಹಿಂದೆಯೇ ಚಪ್ಪಲಿ ಮೆಟ್ಟಿ ಅವ್ವ ಬಂದಳು. ಬೀದಿಯ ಎರಡೂ ಕಡೆ ಜನ ಹಲ್ಲುಜ್ಜುವುದನ್ನು, ರಂಗೋಲಿ ಎಳೆಯುವುದನ್ನು ಆ ಹೊತ್ತಿಗೆ ಇಟ್ಟುಕೊಂಡಿದ್ದರು. ಅಂಗಡಿಯ ಮುಂದೆ ಹಿಂದಿನ ಬೀದಿಯ ಒಬ್ಬ ಹುಡುಗಿ ಬತ್ತಿ ಕೊಳ್ಳುವ ನೆಪದಲ್ಲಿ ನಿಂತಿದ್ದಳು. ಮುಂದಿನ ವಾರ ಅವರ ಮನೆಗೆ ದೀಪ ನೋಡಲು ಬರುವವರಿದ್ದರು. ನನ್ನ ಕಿವಿಯ ಬಳಿ ಬಂದು, "ಅಕ್ಕ, ನೀವು ಬೇಡ ಅಂದದ್ದು ಬೀದಿಗೆ ಕೇಳ್ಸಿದ ಮೇಲೂ ನಿಮ್ಮ ಕಿಟಕೀಲಿ ಬೆಳಕಿತ್ತು, ಆಗ ಬೀಳ್ಲಿಲ್ಲ ಅಲ್ವಾ?" ಎಂದಳು. "ಎರಡು ಸಲ ಅಂದೆ," ಎಂದೆ. ಅವಳು ಬತ್ತಿ ಕೊಳ್ಳದೆ ಹೋದಳು.

ಗೌಸಣ್ಣ ಅವ್ವನನ್ನು ಕಂಡು ಎದ್ದು ನಿಂತರು. ಅವ್ವ ಅವರ ಅಂಗಡಿಯ ಮೆಟ್ಟಿಲು ತುಳಿಯದೆ ಬಹಳ ಕಾಲವಾಗಿತ್ತು. ದನಿ ತಗ್ಗಿಸಿ, ಮಾನ ಉಳಿಸುವ ಆ ಹಳೆಯ ದಾಕ್ಷಿಣ್ಯದಿಂದ ಕೇಳಿದರು, "ಚಿಟ್ಟೆನಾ ಅಮ್ಮಾ?"

"ಅಲ್ಲ ಗೌಸಣ್ಣ," ಎಂದಳು ಅವ್ವ, ಬೀದಿಗೆಲ್ಲ ಕೇಳುವಂತೆ. "ಮಾತು. ಒಂದು ಡಜನ್ ಕೊಡಿ."

ಆ ಸಂಜೆ ಅವ್ವ ಹೊಸ ಮ್ಯಾಂಟಲ್ ಕಟ್ಟಿದಳು. ಅದು ಮೊದಲು ಹೊಗೆಯಾಡಿ, ಕಪ್ಪಗೆ ಸುಕ್ಕಾಗಿ, ಆಮೇಲೆ ತುಂಬಿಕೊಂಡು ಬೆಳ್ಳಗೆ ಹತ್ತಿತು. ನಡುಮನೆಯ ಗೋಡೆಗೆ ಸುಣ್ಣ ಬಳಿದು ಎಷ್ಟು ವರ್ಷವಾಗಿತ್ತೆಂದು ಆ ಬೆಳಕಿನಲ್ಲಿ ಗೊತ್ತಾಯಿತು. ಅಪ್ಪ ಎಲ್ಲಿಗೂ ಹೋಗುವವರಲ್ಲ, ಆದರೂ ಒಗೆದ ಅಂಗಿ ಹಾಕಿಕೊಂಡು ಒಳಗಿನಿಂದ ಬಂದರು. ಕನ್ನಡಿಯ ಮುಂದೆ ನಿಲ್ಲಲಿಲ್ಲ. ಅವ್ವನ ಮುಂದೆ ನಿಂತರು. ನನ್ನ ಕಡೆ ಒಮ್ಮೆ ನೋಡಿದರು, ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ.

"ಸರಿಯಾಗಿದೆಯಾ ನೋಡು," ಎಂದರು, ನೇರವಾಗಿ ಅವಳಿಗೆ.

ಅವ್ವ ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಗುಂಡಿ ಒಂದು ಮನೆ ತಪ್ಪಿದೆ. ಟೈಲರಂತೆ ಟೈಲರು. ಹದಿನೆಂಟು ವರ್ಷ ಹೆಂಡ್ತಿ ಮೇಲೆ ಸಾಧಿಸಿದ್ದು ಬಂತು, ಅಂಗಿ ಹಾಕ್ಕೊಳಕ್ ಬರಲಿಲ್ಲ."

ಮ್ಯಾಂಟಲ್ ಉದುರಿತು. ಅವ್ವ ತಿರುಪು ತಿರುಗಿಸಿದಳು. ಅಪ್ಪ ಕತ್ತಲಲ್ಲಿ ಗುಂಡಿ ಸರಿಮಾಡಿಕೊಳ್ಳುತ್ತ, "ಬರೋದು ಬರುತ್ತೆ, ನೀನು ಮೊದಲು..." ಎಂದು ಶುರುಮಾಡಿದರು. ನಾನು ಎದ್ದು ತಡಕಾಡಿ ಬೆಂಕಿಪೊಟ್ಟಣವನ್ನೂ ಮ್ಯಾಂಟಲ್ಲಿನ ಡಬ್ಬಿಯನ್ನೂ ತಂದೆ. ಅದರಲ್ಲಿ ಇನ್ನೂ ಹನ್ನೊಂದು ಇದ್ದವು.